ಏಳನೇ ವರ್ಷ ಹೊಲಕ್ಕೆ ಬಿಡುವು

ಶ್ರೀನಿವಾಸಪುರದ ಮಾವು ಬೆಳೆಗಾರರಿಗೆ ಇಸ್ರೇಲ್ ಹೊಸ ಹೆಸರೇನಲ್ಲ. ಭಾರತ–ಇಸ್ರೇಲ್ ಸಹಯೋಗದ ಮಾವು ಉತ್ಕೃಷ್ಟತಾ ಕೇಂದ್ರ ಇದೇ ತಾಲ್ಲೂಕಿನ ಹೊಗಳಗೆರೆಯಲ್ಲಿದೆ. 33 ಅಡಿಗೊಂದು ಗಿಡ ನೆಟ್ಟು ಎಕರೆಗೆ 40 ಮರ ಬೆಳೆಸುತ್ತಿದ್ದವರು ಒತ್ತಾಗಿ ನೆಡುವುದನ್ನು, ಮುದಿ ಮರದ ಕೊಂಬೆ ಸವರಿ ಮತ್ತೆ ಚಿಗುರಿಸುವುದನ್ನು, ಹನಿ ನೀರಾವರಿಯನ್ನು ಅಲ್ಲಿ ಕಣ್ಣಾರೆ ಕಂಡು ಬಂದಿದ್ದಾರೆ. ಆ ನಾಡಿನ ಧರ್ಮಗ್ರಂಥವೂ ಮರ, ಮಣ್ಣಿನ ಬಗ್ಗೆ ಬಹಳ ಹೇಳುತ್ತದೆ. ಕೋಲಾರಕ್ಕೆ ಇವತ್ತು ಹೆಚ್ಚು ಬೇಕಿರುವುದು ಆ ಮಾತು ಎಂದು ನನ್ನ ನಂಬಿಕೆ.

ಕಸಿ ಗಿಡ ನೆಟ್ಟ ಮರುವರ್ಷವೇ ಹೂಗೊಂಚಲು ಬಿಡುವುದುಂಟು. ತಿಳಿದ ರೈತ ಅದನ್ನು ಬೆರಳಲ್ಲೇ ಚಿವುಟಿ ಹಾಕುತ್ತಾನೆ, ಮೊದಲು ಬೇರು ಇಳಿಯಲಿ, ರೆಂಬೆ ಬಲಿಯಲಿ ಎಂದು. ಯಹೂದಿಗಳ ತೋರಾದಲ್ಲಿ, ಕನ್ನಡ ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ, ಇದು ದೇವರ ಕಟ್ಟಳೆ. ಮೂರು ವರ್ಷ ಹಣ್ಣು ಮುಟ್ಟುವಂತಿಲ್ಲ, ನಾಲ್ಕನೆಯ ವರ್ಷದ್ದು ದೇವರ ಪಾಲು, ಐದರಿಂದಾಚೆಗೆ ನೆಟ್ಟವನದು. ಮರದ ವಯಸ್ಸನ್ನು ಲೆಕ್ಕ ಹಿಡಿಯುವ ದಿನವೇ ‘ತು ಬಿಶ್ವಾತ್’, ಮರಗಳ ಹೊಸವರ್ಷ. ಜನವರಿ, ಫೆಬ್ರವರಿಯ ಹುಣ್ಣಿಮೆಯ ಆಸುಪಾಸಿನಲ್ಲಿ ಬರುವ ಈ ಹಬ್ಬದ ಹೊತ್ತಿಗೆ ಇಲ್ಲಿಯೂ ಮಾವಿನ ತೋಪುಗಳು ಹೂಬಿಟ್ಟು ಘಮ್ಮೆನ್ನುತ್ತಿರುತ್ತವೆ.

ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡು ಎನ್ನುವುದೂ ಅದೇ ಅಧ್ಯಾಯವೇ. ಪರದೇಶದ ವಿಧವೆ ರೂತ್ ಬೋವಜನ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದ ಕಥೆಯನ್ನು ಗೋಧಿ ಸುಗ್ಗಿಯ ಶಾವುವೋತ್ ಹಬ್ಬದಲ್ಲಿ ಓದುತ್ತಾರೆ. ನಮ್ಮ ರಾಗಿ ಕಣದಲ್ಲೂ ಆಯಗಾರರಿಗೆ, ಸೆರಗೊಡ್ಡಿ ನಿಂತವರಿಗೆ ಮೊರದಲ್ಲಿ ಕೊಟ್ಟ ಮೇಲೆಯೇ ರಾಶಿ ಮನೆಗೆ ಹೋಗುತ್ತಿತ್ತು. ಆದರೆ ಮೊರ ಒಡೆಯನ ಕೈಯಲ್ಲಿತ್ತು. ಎದುರಿಗೆ ನಿಂತವರ ಜಾತಿಯೂ ಅವನ ಕಣ್ಣಿಗೆ ಬೀಳುತ್ತಿತ್ತು. ತೋರಾದ ಪ್ರಕಾರ ಅಂಚಿನ ಪೈರು ಬಡವನ ಹಕ್ಕು. ಅವನೇ ಬಂದು ಕೊಯ್ದುಕೊಳ್ಳುತ್ತಾನೆ, ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ. ಈ ಒಂದು ವಿಷಯದಲ್ಲಿ ಅವರ ಕಟ್ಟಳೆ ನಮ್ಮದಕ್ಕಿಂತ ದೊಡ್ಡದು.

ಇವೆಲ್ಲಕ್ಕಿಂತ ಕಠಿಣವಾದದ್ದು ‘ಶ್ಮಿತಾ’. ಆರು ವರ್ಷ ಬಿತ್ತು, ಏಳನೆಯ ವರ್ಷ ಭೂಮಿಯನ್ನು ಬೀಳು ಬಿಡು. ತಾನಾಗಿ ಬೆಳೆದದ್ದು ಆಳಿಗೂ ದನಕ್ಕೂ ಕಾಡುಮೃಗಕ್ಕೂ ಸೇರಲಿ. ಸಾಲವೂ ಮನ್ನಾ ಆಗಲಿ. ಭೂಮಿ ದೇವರದು, ನೀವು ಒಕ್ಕಲುಗಳು ಮಾತ್ರ ಎಂಬುದು ಇದರ ಹಿಂದಿನ ತಿಳಿವಳಿಕೆ. ಬಿಡುವು ಕೊಡದಿದ್ದರೆ ಜನ ನೆಲ ಬಿಟ್ಟು ಚದುರಿಹೋಗುತ್ತಾರೆ, ಭೂಮಿ ತನ್ನ ಬಾಕಿ ಬಿಡುವನ್ನು ಆಗ ತಾನೇ ತೀರಿಸಿಕೊಳ್ಳುತ್ತದೆ ಎಂಬ ಎಚ್ಚರಿಕೆ ಯಾಜಕಕಾಂಡದ 26ನೇ ಅಧ್ಯಾಯದಲ್ಲಿದೆ.

ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬರುವುದು ನಮ್ಮ ಜಿಲ್ಲೆಯೇ. ಕೋಲಾರದ ಎಪಿಎಂಸಿಗೆ, ಮುಳಬಾಗಿಲಿನ ವಡ್ಡಹಳ್ಳಿ ಮಂಡಿಗೆ ಟೊಮೆಟೊ ತುಂಬಲು ಒಂದು ಬೆಳೆ ಕಿತ್ತ ಕೂಡಲೇ ಇನ್ನೊಂದು ನಾಟಿ. ಬೆಲೆ ಬಿದ್ದರೆ ಬುಟ್ಟಿಗಟ್ಟಲೆ ಹಣ್ಣು ರಸ್ತೆ ಬದಿಗೆ. ಮಾಲೂರಿನ ಹೊಲಗಳಲ್ಲಿ ನೀಲಗಿರಿ ಹಬ್ಬಿತು. ಹೊಸದಾಗಿ ನೆಡಬಾರದೆಂದು ಸರ್ಕಾರ ಆದೇಶಿಸಿದ್ದು 2017ರಲ್ಲಿ. ಕೊಳವೆಬಾವಿಗಳು 1,000 ಅಡಿ ದಾಟಿದವು. ನೀರು ಬತ್ತಿದ ಹೊಲ ಬೀಳು ಬಿತ್ತು, ಹುಡುಗರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋದರು.

ಶ್ಮಿತಾ ಇಸ್ರೇಲಿನಲ್ಲೂ ಸಲೀಸಾಗಿ ನಡೆಯುವುದಿಲ್ಲ. 1889ರಿಂದಲೂ ಜಮೀನನ್ನು ಆ ವರ್ಷದ ಮಟ್ಟಿಗೆ ಅನ್ಯಧರ್ಮೀಯರಿಗೆ ಕ್ರಯ ಮಾಡಿಕೊಟ್ಟು ಉಳುಮೆ ಮುಂದುವರಿಸುವ ಏರ್ಪಾಡಿದೆ. ಅದನ್ನು ಒಪ್ಪದ ಧರ್ಮಗುರುಗಳೂ ಇದ್ದಾರೆ. ಕಳೆದ ಶ್ಮಿತಾ 2021–22ರಲ್ಲಿ ನಡೆಯಿತು, ಮುಂದಿನದು 2028ರ ಸೆಪ್ಟೆಂಬರ್‌ನಲ್ಲಿ ಶುರುವಾಗಲಿದೆ.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಎಲ್ಲರೂ ಒಂದೇ ವರ್ಷ ನಿಲ್ಲಿಸಬೇಕೆಂಬ ನಿಯಮ. ಒಬ್ಬ ರೈತ ಮೋಟಾರು ನಿಲ್ಲಿಸಿದರೆ ಆ ನೀರನ್ನು ಪಕ್ಕದ ಬೋರ್‌ವೆಲ್ ಎಳೆದುಕೊಳ್ಳುತ್ತದೆ. ಊರೇ ನಿಲ್ಲಿಸಿದರೆ ಅಂತರ್ಜಲ ಉಳಿಯುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಇಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಆ ಕೆರೆಗಳ ಸುತ್ತಲಿನ ಊರುಗಳಾದರೂ ಸೇರಿ ಮಾತಾಡಿ, ವರ್ಷದಲ್ಲಿ ಒಂದು ಹಂಗಾಮು ಟೊಮೆಟೊ ಕೈಬಿಟ್ಟು ಹುರುಳಿಯನ್ನೋ ಅವರೆಯನ್ನೋ ಚೆಲ್ಲಿ ಮಣ್ಣಿಗೆ ಉಸಿರಾಡಲು ಬಿಡಬಹುದು. ತೂಬಿನ ನೀರನ್ನು ಸರದಿಯಂತೆ ಹಂಚಲು ನೀರಗಂಟಿಯನ್ನು ಇಟ್ಟುಕೊಂಡಿದ್ದ ಊರುಗಳಿವು.