ಕಡಲ ಮೇಲಣ ಗಾಳಿಯಲ್ಲಿ ಸಾವಯವ ಮಾಲಿನ್ಯಗಳ ರೂಪಾಂತರ

ನಗರದ ಹೊಗೆ ಕಡಲಿನ ಮೇಲಕ್ಕೆ ಸರಿದೊಡನೆ ಅದರ ಬಾಧೆ ತೀರಿತೆಂಬ ನಂಬಿಕೆ ಕರಾವಳಿಯ ಪಟ್ಟಣಗಳಲ್ಲಿ ಸಾಮಾನ್ಯವಾದುದು. ಕಡಲು ವಿಶಾಲವಾಗಿದೆ, ಅದರ ಗಾಳಿ ಶುದ್ಧವಾಗಿದೆ. ಆದುದರಿಂದ ಅಲ್ಲಿಗೆ ಹೋದ ಹೊಗೆ ಕರಗಿ ಇಲ್ಲವಾಗುವುದೆಂದು ಜನರು ಭಾವಿಸುತ್ತಾರೆ. ರಸಾಯನಶಾಸ್ತ್ರ ತಿಳಿಸುವ ಸಂಗತಿ ಬೇರೆಯಾಗಿದೆ. ಹೊಗೆಯ ಅಣುಗಳು ಅಲ್ಲಿ ಒಡೆಯುವುದು ನಿಜ. ಆದರೆ ಒಂದು ವಸ್ತು ಒಡೆದಲ್ಲಿ ಇನ್ನೊಂದು ಹುಟ್ಟುತ್ತದೆ. ಕಡಲಿನ ಬಿಸಿಲು, ತೇವ, ಉಪ್ಪು ಈ ಮೂರೂ ಆ ಕಾರ್ಯದಲ್ಲಿ ಭಾಗಿಗಳಾಗುತ್ತವೆ.

ಇಲ್ಲಿ ‘ಸಾವಯವ’ ಎಂಬ ಮಾತನ್ನು ಇಂಗಾಲದ ಸಂಯುಕ್ತಗಳೆಂಬ ಶಾಸ್ತ್ರೀಯ ಅರ್ಥದಲ್ಲಿ ಗ್ರಹಿಸಬೇಕು. ಪೆಟ್ರೋಲಿನ ಆವಿಯಲ್ಲಿರುವ ಬೆಂಜೀನ್ ಮತ್ತು ಟಾಲ್ವೀನ್, ನೈಸರ್ಗಿಕ ಅನಿಲದಲ್ಲಿರುವ ಈಥೇನ್, ಸೌದೆ ಬೆರಣಿಗಳ ಹೊಗೆಯಲ್ಲಿರುವ ಹತ್ತಾರು ಬಗೆಯ ವಸ್ತುಗಳು ಈ ವರ್ಗಕ್ಕೆ ಸೇರುತ್ತವೆ.

ಇವುಗಳನ್ನು ಒಡೆಯುವ ಮುಖ್ಯ ಸಾಧನ ಹೈಡ್ರಾಕ್ಸಿಲ್ ಎಂಬ ಅಲ್ಪಾಯುಷಿ. ಸೂರ್ಯನ ನೇರಳಾತೀತ ಕಿರಣ ಓಜೋನನ್ನು ಸೀಳಿದಾಗ ಹೊರಬೀಳುವ ಆಮ್ಲಜನಕದ ಚುರುಕಾದ ಪರಮಾಣು ನೀರಾವಿಯೊಡನೆ ಕೂಡಿದರೆ ಎರಡು ಹೈಡ್ರಾಕ್ಸಿಲ್‌ಗಳು ಹುಟ್ಟುತ್ತವೆ. ಒಂದು ಘನ ಸೆಂಟಿಮೀಟರು ಗಾಳಿಯಲ್ಲಿ ಹಗಲಿನಲ್ಲಿಯೂ ಇವುಗಳ ಸಂಖ್ಯೆ ಕೆಲವು ದಶಲಕ್ಷವನ್ನು ಮೀರುವುದು ವಿರಳ. ಆಯುಷ್ಯ ಸುಮಾರು ಒಂದು ಸೆಕೆಂಡು. ಇಷ್ಟು ಅಲ್ಪವಾದ ವಸ್ತುವೇ ವಾಯುಮಂಡಲದ ಕೊಳೆಯನ್ನು ಕಳೆಯುವ ಪ್ರಧಾನ ಶಕ್ತಿಯೆಂಬುದನ್ನು ಹೈರಮ್ ಲೆವಿ ೧೯೭೧ರಲ್ಲಿ ತೋರಿಸಿಕೊಟ್ಟನು. ಬಿಸಿಲೂ ನೀರಾವಿಯೂ ಸಮೃದ್ಧವಾಗಿರುವ ಉಷ್ಣವಲಯದ ಕಡಲುಗಳು ಇದರ ಉತ್ಪತ್ತಿಗೆ ಬಹಳ ಅನುಕೂಲವಾದ ತಾಣಗಳು.

ಎಲ್ಲ ವಸ್ತುಗಳೂ ಹೈಡ್ರಾಕ್ಸಿಲ್‌ಗೆ ಒಂದೇ ವೇಗದಲ್ಲಿ ವಶವಾಗುವುದಿಲ್ಲ. ಟಾಲ್ವೀನಿಗೆ ಸುಮಾರು ಎರಡು ದಿನ, ಬೆಂಜೀನಿಗೆ ಹತ್ತು ದಿನಗಳ ಆಸುಪಾಸು, ಈಥೇನಿಗೆ ತಿಂಗಳೆರಡು ಬೇಕು. ಈ ಅಂತರವೇ ಸಂಶೋಧಕರಿಗೆ ಗಡಿಯಾರವಾಗಿ ಒದಗಿದೆ. ನಗರದಿಂದ ಹೊರಟ ಗಾಳಿಯಲ್ಲಿ ಬೆಂಜೀನಿಗೆ ಹೋಲಿಸಿದರೆ ಟಾಲ್ವೀನ್ ಎಷ್ಟು ಕುಗ್ಗಿದೆಯೆಂದು ಅಳೆದು, ಆ ಗಾಳಿ ಎಷ್ಟು ಕಾಲದಿಂದ ಪ್ರಯಾಣದಲ್ಲಿದೆಯೆಂದು ಅವರು ಅಂದಾಜು ಮಾಡುತ್ತಾರೆ.

ಹಗಲಿನ ಈ ಕೆಲಸಕ್ಕೆ ಕಡಲಿನ ಉಪ್ಪು ರಾತ್ರಿಯಲ್ಲಿ ಸಿದ್ಧತೆ ನಡೆಸುತ್ತದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳು ಇರುಳಿನಲ್ಲಿ ಓಜೋನಿನೊಡನೆ ವರ್ತಿಸಿ ಡೈನೈಟ್ರೋಜನ್ ಪೆಂಟಾಕ್ಸೈಡ್ ಆಗುತ್ತವೆ. ಅಲೆಗಳ ನೊರೆಯಿಂದ ಚಿಮ್ಮಿ ಗಾಳಿಯಲ್ಲಿ ತೇಲುವ ಉಪ್ಪಿನ ಕಣವನ್ನು ಅದು ಮುಟ್ಟಿದಾಗ ನೈಟ್ರಿಲ್ ಕ್ಲೋರೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ. ಮುಂಜಾನೆಯ ಬಿಸಿಲು ತಗುಲಿದೊಡನೆ ಅದು ಒಡೆದು ಕ್ಲೋರೀನ್ ಪರಮಾಣುಗಳು ಹೊರಬರುತ್ತವೆ. ಈಥೇನಿನಂತಹ ಜಡವಾದ ಅಣುವಿನ ಮೇಲೆ ಕ್ಲೋರೀನು ಹೈಡ್ರಾಕ್ಸಿಲ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ವೇಗದಿಂದ ಎರಗುತ್ತದೆ. ಉಪ್ಪಿನಿಂದ ಈ ಅನಿಲ ಹುಟ್ಟುವುದು ೧೯೮೯ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡುಬಂದಿತು. ೨೦೦೬ರಲ್ಲಿ ಅಮೆರಿಕದ ಟೆಕ್ಸಸ್ ತೀರದಾಚೆ ‘ರೊನಾಲ್ಡ್ ಎಚ್. ಬ್ರೌನ್’ ಎಂಬ ಹಡಗಿನಿಂದ ಅಳತೆ ಮಾಡಿದಾಗ, ನೂರು ಕೋಟಿ ಅಣುಗಳಲ್ಲಿ ಒಂದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಅದು ಅಲ್ಲಿನ ಗಾಳಿಯಲ್ಲಿ ದೊರೆಯಿತು. ಮಾನವನ ಹೊಗೆ ಸೋಕದಿದ್ದರೆ ಆ ಉಪ್ಪಿನ ಕ್ಲೋರೀನು ಇಷ್ಟು ಸುಲಭವಾಗಿ ಬಿಡುಗಡೆ ಹೊಂದುತ್ತಿರಲಿಲ್ಲ.

ಹೀಗೆ ಪೆಟ್ಟು ತಿಂದ ಅಣು ಆಮ್ಲಜನಕವನ್ನು ಸೇರಿಸಿಕೊಂಡು ಮುಂದುವರಿಯುತ್ತದೆ. ಅದು ಹಿಡಿಯುವ ದಾರಿಯನ್ನು ಸುತ್ತಲಿರುವ ನೈಟ್ರಿಕ್ ಆಕ್ಸೈಡಿನ ಪ್ರಮಾಣ ನಿರ್ಧರಿಸುತ್ತದೆ. ತೀರದ ಬಳಿ, ಹಡಗುಗಳ ಮಾರ್ಗದಲ್ಲಿ ಅದು ಹೇರಳವಾಗಿರುವುದರಿಂದ ಓಜೋನು ಹೆಚ್ಚುತ್ತದೆ, ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ, ಕಣ್ಣುರಿ ತರುವ ಪೆರಾಕ್ಸಿ ಅಸಿಟೈಲ್ ನೈಟ್ರೇಟ್ ಸಿದ್ಧವಾಗುತ್ತದೆ. ಈ ಕೊನೆಯದು ಬೆಚ್ಚನೆಯ ಗಾಳಿಯಲ್ಲಿ ಬೇಗ ಒಡೆದರೂ, ಎತ್ತರದ ಶೀತದಲ್ಲಿ ವಾರಗಟ್ಟಲೆ ಉಳಿದು ನೈಟ್ರೋಜನ್ ಆಕ್ಸೈಡುಗಳನ್ನು ದೂರದ ಕಡಲಿಗೆ ಒಯ್ದು ಇಳಿಸುತ್ತದೆ. ನಡುಗಡಲಿನಲ್ಲಿ ನೈಟ್ರಿಕ್ ಆಕ್ಸೈಡ್ ವಿರಳವಾದುದರಿಂದ ಪೆರಾಕ್ಸೈಡುಗಳು ಹುಟ್ಟುತ್ತವೆ, ಓಜೋನು ಕುಗ್ಗುತ್ತದೆ. ಕೆಲವು ವಸ್ತುಗಳು ಮೋಡದ ಹನಿಯಲ್ಲಿ ಕರಗಿ ಆಕ್ಸಾಲಿಕ್ ಆಮ್ಲವಾಗಿ, ಹನಿ ಆರಿದ ಮೇಲೆ ಕಣದಲ್ಲಿಯೇ ನಿಲ್ಲುತ್ತವೆ. ಕಣ್ಣಿಗೆ ಕಾಣದ ಆವಿ ಹೀಗೆ ಬೆಳಕನ್ನು ತಡೆಯುವ ಮಬ್ಬಿನ ಅಂಶವಾಗುತ್ತದೆ.

ಈ ವಿಚಾರ ಭಾರತಕ್ಕೆ ದೂರದ್ದಲ್ಲ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಉಪಖಂಡದ ಹೊಗೆಯನ್ನು ಅರಬ್ಬೀ ಸಮುದ್ರ ಹಾಗೂ ಬಂಗಾಳ ಕೊಲ್ಲಿಗಳ ಮೇಲಿಂದ ವಿಷುವದ್ರೇಖೆಯವರೆಗೆ ಸಾಗಿಸುತ್ತದೆ. ವೀರಭದ್ರನ್ ರಾಮನಾಥನ್ ಹಾಗೂ ಪಾಲ್ ಕ್ರುಟ್ಜೆನ್ ಅವರ ನೇತೃತ್ವದಲ್ಲಿ ೧೯೯೯ರ ಜನವರಿಯಿಂದ ಮಾರ್ಚ್‌ವರೆಗೆ ನಡೆದ ಹಿಂದೂ ಮಹಾಸಾಗರ ಪ್ರಯೋಗದಲ್ಲಿ ಭಾರತದ ‘ಸಾಗರ್ ಕನ್ಯಾ’, ಮೇಲೆ ಹೇಳಿದ ‘ರೊನಾಲ್ಡ್ ಎಚ್. ಬ್ರೌನ್’, ಹಲವು ವಿಮಾನಗಳು ಮತ್ತು ಮಾಲ್ಡೀವ್ಸಿನ ಒಂದು ವೀಕ್ಷಣಾಲಯ ಈ ಗಾಳಿಯನ್ನು ಪರೀಕ್ಷಿಸಿದವು. ಉತ್ತರ ಹಿಂದೂ ಮಹಾಸಾಗರದ ಬಹುಭಾಗವನ್ನು ಮಬ್ಬು ಆವರಿಸಿತ್ತು. ಕಡಲಿಗೆ ತಲಪುವ ಬಿಸಿಲನ್ನು ಅದು ಕುಗ್ಗಿಸಿತ್ತು. ಸೌದೆ, ಬೆರಣಿ, ಬೆಳೆಯ ಕಸಗಳ ಹೊಗೆಗೆ ಗುರುತಾದ ಮೀಥೈಲ್ ಸಯನೈಡ್ ಆ ಗಾಳಿಯಲ್ಲಿ ಸಿಕ್ಕಿತು. ಕಾರ್ಖಾನೆ, ವಾಹನಗಳೊಡನೆ ಹಳ್ಳಿಯ ಒಲೆಯೂ ಕಡಲಿನ ಗಾಳಿಯನ್ನು ಬದಲಿಸುತ್ತಿರುವುದು ಇದರಿಂದ ಸ್ಪಷ್ಟವಾಯಿತು.

ಮುಂಬಯಿ, ಚೆನ್ನೈಗಳಂತಹ ತೀರದ ನಗರಗಳಿಗೆ ಇದರಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ಇರುಳಿನಲ್ಲಿ ನೆಲದಿಂದ ಕಡಲಿಗೆ ಬೀಸುವ ಗಾಳಿ ಹೊರಗೊಯ್ದ ಹೊಗೆಯ ಒಂದು ಪಾಲು, ಮರುದಿನದ ಕಡಲಗಾಳಿಯೊಡನೆ ಹಿಂದಿರುಗಬಲ್ಲುದು. ಆದರೆ ಆ ವೇಳೆಗೆ ಅದು ಓಜೋನು, ಆಲ್ಡಿಹೈಡು, ಆಮ್ಲಯುಕ್ತ ಕಣಗಳಾಗಿ ರೂಪ ಬದಲಿಸಿರುತ್ತದೆ. ಹೊರಟ ವಸ್ತುವನ್ನು ಮಾತ್ರ ಅಳೆಯುವವರಿಗೆ ಗಾಳಿ ಶುದ್ಧವಾದಂತೆ ತೋರಬಹುದು. ಆದುದರಿಂದ ಹುಟ್ಟಿದ ವಸ್ತುಗಳನ್ನೂ ಅಳೆಯುವುದು, ಹೊಗೆಯನ್ನು ಅದರ ಮೂಲದಲ್ಲಿಯೇ ತಗ್ಗಿಸುವುದು ಇವೆರಡೂ ಅಗತ್ಯ. ಕಡಲಿನ ಮೇಲೆ ಭಾರ ಹಾಕಿ ನಗರವು ತನ್ನ ಹೊಣೆಯಿಂದ ಪಾರಾಗಲಾರದು.