ಮಿರ್ಚಿಯೂ ರೊಟ್ಟಿಯ ಬುಟ್ಟಿಯೂ

ಬಾಗಲಕೋಟೆಯಲ್ಲಿ ಸಂಜೆಯಾಯಿತೆಂಬುದನ್ನು ಗಡಿಯಾರ ಹೇಳಬೇಕಾಗಿಲ್ಲ. ಕಾದ ಎಣ್ಣೆಗೆ ಮಿರ್ಚಿ ಬಿದ್ದ ಸಪ್ಪಳವೇ ಹೇಳುತ್ತದೆ. ಗಿರ್ಮಿಟ್ಟಿನ ಮೇಲೆ ಹಸಿ ಉಳ್ಳಾಗಡ್ಡಿ, ಮಗ್ಗುಲಲ್ಲಿ ಎರಡು ಬಿಸಿ ಮಿರ್ಚಿ: ಈ ಸುಖವನ್ನು ಜರೆಯುವ ಅಧಿಕಾರ ನನಗಿಲ್ಲ. ಇಪ್ಪತ್ತು ವರ್ಷಗಳಿಂದ ನಾನೂ ಆ ಗಾಡಿಗಳ ಋಣಿ.

ಆದರೆ ಕಳೆದ ವರ್ಷ ಹುನಗುಂದದ ಕಡೆಯಿಂದ ನಸುಕಿನ ಬಸ್ಸಿಗೆ ಬರುವ ವಿದ್ಯಾರ್ಥಿಯೊಬ್ಬನು ನನ್ನ ತಾಸಿನಲ್ಲಿ ಮೇಜಿನ ಮೇಲೆ ತಲೆಯಿಟ್ಟನು. ನಿದ್ದೆಯೆಂದು ಬಗೆದು ಗದರಿದೆ.

“ಹೊಟ್ಟಿ ಉರ್ಯಾಕ್ಹತ್ತೈತ್ರಿ ಸರ.”

“ಮುಂಜಾನೆ ಏನು ತಿಂದೀ?”

“ಎರಡು ಮಿರ್ಚಿ, ಚಾರಿ.”

“ನಿನ್ನೆ?”

“ಅದ ರೀ.”

ವೈದ್ಯರು ಗುಳಿಗೆಗಿಂತ ಮೊದಲು ಹೊತ್ತಿಗೆ ಸರಿಯಾದ ಊಟವನ್ನು ಹೇಳಿ ಕಳಿಸಿದರು. ಗದರಿದ್ದಕ್ಕೆ ನನಗೆ ನಾಚಿಕೆಯಾಯಿತು. ತಿಂಡಿಯು ಊಟದ ಗದ್ದುಗೆಯನ್ನೇರಿದ್ದನ್ನು ನಾನು ಕಂಡೂ ಕಾಣದಂತಿದ್ದೆ. ಇಳಕಲ್ಲಿನಲ್ಲಿ ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತೆದ್ದ ನೇಕಾರನ ಹಸಿವೆಗೂ ಎದುರಾಗುವುದು ಇದೇ ಕಡಾಯಿ.

ಕಡಾಯಿಯ ಎಣ್ಣೆಯನ್ನಾದರೂ ನೋಡಿ ತಿನ್ನಬೇಕು. ಮೇಲಿಂದ ಮೇಲೆ ಕಾಸಿದ ಎಣ್ಣೆ ಕಪ್ಪಾಗುತ್ತದೆ, ಮಂದವಾಗುತ್ತದೆ, ಬೇಗ ಹೊಗೆಯಾಡುತ್ತದೆ. ಹೃದಯಕ್ಕೆ ಕೇಡು ಬಗೆಯುವ ಅಂಶಗಳು ಅದರಲ್ಲಿ ಹುಟ್ಟುತ್ತವೆ. ‘ಪೋಲಾರ್’ ಎನ್ನುವ ಇಂಥ ಅಂಶ ನೂರಕ್ಕೆ 25ನ್ನು ಮೀರಿದರೆ ಎಣ್ಣೆಯನ್ನು ಬಳಸಕೂಡದೆಂಬ ನಿಯಮ 2018ರಿಂದ ದೇಶದಲ್ಲಿದೆ. ಅಳೆಯುವ ಸಾಧನ ಗಾಡಿಯವನ ಬಳಿ ಎಲ್ಲಿಂದ ಬರಬೇಕು? ಉಳಿದ ಎಣ್ಣೆಯನ್ನು ಚೆಲ್ಲಿದರೆ ಅಂದಿನ ಲಾಭವೇ ಚೆಲ್ಲಿತು. ಅವನನ್ನಷ್ಟೇ ದೂರುವುದು ನ್ಯಾಯವಲ್ಲ. ಗೋಬಿ ಮಂಚೂರಿಯ ಕೃತಕ ಬಣ್ಣವನ್ನು ರಾಜ್ಯ ಸರ್ಕಾರವು 2024ರ ಮಾರ್ಚ್ ತಿಂಗಳಲ್ಲಿ ನಿಷೇಧಿಸಿತು. ಮುದ್ರಣದ ಮಸಿ ಆಹಾರಕ್ಕೆ ಅಂಟುವುದರಿಂದ ವೃತ್ತಪತ್ರಿಕೆಯಲ್ಲಿ ತಿನಿಸು ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದೆ. ಆದರೂ ಈ ಲೇಖನವೇ ಬರುವ ವಾರ ಯಾರದೋ ಮಿರ್ಚಿಯ ಎಣ್ಣೆಯನ್ನು ಹೀರೀತೆಂಬ ಭಯ ನನಗುಂಟು.

ಬೀದಿಯ ಊಟವೆಲ್ಲ ಹೀಗೆಯೇ ಎನ್ನಬೇಡಿ. ಇದೇ ವರ್ಷ ವಿದ್ಯಾರ್ಥಿಗಳೊಡನೆ ಬಾದಾಮಿಯ ಗುಹೆಗಳನ್ನು ನೋಡಿ, ಸಮೀಪದ ಬನಶಂಕರಿಗೆ ಹೋದೆವು. ಗುಡಿಯ ಬಳಿ ತಾಯಂದಿರು ಬುಟ್ಟಿಯಿಟ್ಟುಕೊಂಡು ಕುಳಿತಿದ್ದರು. ಜೋಳದ ರೊಟ್ಟಿ, ಕಾಳುಪಲ್ಯ, ಝುಣಕ, ಶೇಂಗಾ ಚಟ್ನಿ, ಪುಟ್ಟ ಕುಡಿಕೆಯಲ್ಲಿ ಗಟ್ಟಿ ಮೊಸರು. ಇದೂ ಬೀದಿಯ ಊಟವೇ. ಆದರೆ ಜೋಳದ ನಾರು, ಕಾಳಿನ ಸತ್ವ, ಮೊಸರಿನ ತಂಪು ಒಂದೇ ಎಲೆಯಲ್ಲಿ ಕೂಡಿವೆ. ಮೇಜಿನ ಮೇಲೆ ತಲೆಯಿಟ್ಟಿದ್ದ ಆ ಹುಡುಗನೂ ಜೊತೆಗಿದ್ದನು. ಎರಡನೆಯ ರೊಟ್ಟಿ ಮುಗಿಸಿ ಕೈತೊಳೆಯಲು ಏಳುತ್ತಿದ್ದವನನ್ನು ಬುಟ್ಟಿಯ ಅಜ್ಜಿ ತಡೆದಳು:

“ಕೂಡೋ ತಮ್ಮಾ, ಇನ್ನೂ ಮೊಸರು ಐತಿ.”

ಅವನು ನನ್ನ ಮುಖ ನೋಡಿ ಮತ್ತೆ ಕುಳಿತನು.