ಹುಣಸಗಿಯ ಕಲ್ಲುಗಳು ಹೇಳುವ ಕಥೆ

ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ಲಾಲ್‌ಬಾಗಿನ ಹೆಬ್ಬಂಡೆ ಚಿರಪರಿಚಿತ. ಬೆಳಗಿನ ವಾಯುವಿಹಾರದಲ್ಲಿ ಜೊತೆಗೆ ಬಂದ ಮೊಮ್ಮಗ, "ಅಜ್ಜಾ, ಆದಿಮಾನವರು ಈ ಬಂಡೆಯ ಮೇಲೆ ವಾಸವಾಗಿದ್ದರೇನು?" ಎಂದು ಕೇಳಿದರೆ ನಾವೇನು ಹೇಳಬೇಕು? ಆದಿಮಾನವನೆಂದೊಡನೆ ನಮಗೆ ಆಫ್ರಿಕ, ಜಾವಾಗಳು ನೆನಪಾಗುತ್ತವೆಯೇ ಹೊರತು ಕನ್ನಡ ನಾಡು ನೆನಪಾಗುವುದಿಲ್ಲ.

ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳು. ಭೂಗರ್ಭದ ತಾಪದಲ್ಲಿ ರೂಪುಗೊಂಡ ಇಂತಹ ಶಿಲೆಯೊಳಗೆ ಪಳೆಯುಳಿಕೆಗಳು ದೊರೆಯುವುದಿಲ್ಲ. ಸತ್ತ ಜೀವಿಯ ಮೂಳೆಯು ಕೊಳೆತುಹೋಗುವ ಮೊದಲೇ ಹೂಳಿನಲ್ಲಿ ಹುದುಗಿ, ಖನಿಜಗಳನ್ನು ಹೀರಿ ಕಲ್ಲಾದಾಗ ಮಾತ್ರ ಪಳೆಯುಳಿಕೆಯೆನಿಸುತ್ತದೆ. ಇದು ಅತಿ ವಿರಳ. 1982ರಲ್ಲಿ ಮಧ್ಯಪ್ರದೇಶದ ಹಥನೋರಾ ಗ್ರಾಮದ ಬಳಿ, ನರ್ಮದಾ ತೀರದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಅರುಣ್ ಸೋನಾಕಿಯಾ ಅವರಿಗೆ ಪ್ರಾಚೀನ ಮಾನವನ ತಲೆಬುರುಡೆಯ ಒಂದು ಭಾಗ ದೊರೆಯಿತು. ಅದು ಯಾವ ಪ್ರಭೇದಕ್ಕೆ ಸೇರಿದುದೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ.

ನಮ್ಮ ನಾಡಿನಲ್ಲಿ ಅಷ್ಟು ಪ್ರಾಚೀನವಾದ ಮಾನವನ ಮೂಳೆ ದೊರೆತಿಲ್ಲವಾದರೂ ಅವನ ಕೈಕೆಲಸ ದೊರೆತಿದೆ. ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು ದಶಕಗಳ ಕಾಲ ಹೊಲ–ಹಳ್ಳಗಳನ್ನು ಸುತ್ತಿ, ಪೂರ್ವ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಮುಖ್ಯವಾದುದು ಇಸಾಂಪುರ. ನೀರಾವರಿ ಕಾಮಗಾರಿಗಾಗಿ ಮೇಲ್ಮಣ್ಣನ್ನು ತೆಗೆದಾಗ ಹೊರಬಿದ್ದ ಈ ನೆಲೆಯಲ್ಲಿ 1997ರಿಂದ 2001ರವರೆಗೆ ಉತ್ಖನನ ನಡೆಯಿತು. ಅಲ್ಲಿ ಕಂಡುದು ಆದಿಮಾನವರ ಒಂದು ಕಾರ್ಯಾಗಾರವೇ ಸರಿ! ನೆಲದಲ್ಲಿಯೇ ಹಾಸಿಕೊಂಡಿದ್ದ ಸುಣ್ಣಕಲ್ಲಿನ ಚಪ್ಪಡಿಗಳಲ್ಲಿ ತಕ್ಕ ದಪ್ಪದವನ್ನು ಆರಿಸಿ, ಗಟ್ಟಿ ಕಲ್ಲುಗುಂಡುಗಳಿಂದ ಬಡಿದು, ಕೈಗೊಡಲಿಗಳನ್ನೂ ಅಗಲ ಬಾಯಿಯ ಸೀಳುಗಲ್ಲುಗಳನ್ನೂ ಅವರು ಮಾಡುತ್ತಿದ್ದರು. ಮಾಡಿದ ಉಪಕರಣ, ಬಡಿದ ಗುಂಡು, ಸಿಡಿದ ಚಕ್ಕೆ ಎಲ್ಲವೂ ಒಂದೆಡೆಯೇ ಉಳಿದಿದ್ದವು. ಇಂತಹ ಕೌಶಲವನ್ನು ಹಿರಿಯರಿಂದ ಕಿರಿಯರು ನೋಡಿ ಕಲಿತಿರಬೇಕೆಂದು ಊಹಿಸಿದರೆ ತಪ್ಪಾಗದು.

ಅಲ್ಲಿ ದೊರೆತ ದನದ ಜಾತಿಯ ಪ್ರಾಣಿಗಳ ಹಲ್ಲುಗಳು ಕಾಲನಿರ್ಣಯಕ್ಕೆ ನೆರವಾದವು. ಮಣ್ಣಿನಲ್ಲಿರುವ ಸಹಜ ವಿಕಿರಣದ ಪರಿಣಾಮವು ಹಲ್ಲಿನ ಹೊಳಪುಗವಚದಲ್ಲಿ ವರ್ಷದಿಂದ ವರ್ಷಕ್ಕೆ ಸಂಚಯವಾಗುತ್ತದೆ. ಅದನ್ನು ಅಳೆದು, ನೆಲೆಯು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು 2001ರಲ್ಲಿ ಪ್ರಕಟಿಸಲಾಯಿತು. ನಮ್ಮ ಪ್ರಭೇದವಾದ ಹೋಮೋ ಸೇಪಿಯನ್ಸ್ ಹುಟ್ಟಿದ್ದೇ ಸುಮಾರು 3 ಲಕ್ಷ ವರ್ಷಗಳ ಹಿಂದೆ. ಆದ್ದರಿಂದ ಇಸಾಂಪುರದವರು ನಮಗಿಂತ ಹಿಂದಿನ ಮಾನವರು. ಬಹುಶಃ ಹೋಮೋ ಇರೆಕ್ಟಸ್ ಪ್ರಭೇದದವರು. ಮೂಳೆ ದೊರೆಯುವವರೆಗೆ ಇದು 'ಬಹುಶಃ' ಆಗಿಯೇ ಉಳಿಯುತ್ತದೆ.

ಚಿಂತೆಯ ವಿಷಯವೂ ಇದೇ. ತಿಳಿಯದ ಕಣ್ಣಿಗೆ ಇವು ಹೊಲದ ಬದುವಿನ ಕಲ್ಲುಗಳಷ್ಟೇ. ಯಾವ ಅಗೆತವು ಈ ನೆಲೆಯನ್ನು ಹೊರಗೆ ತಂದಿತೋ ಅಂತಹುದೇ ಅಗೆತ ಮತ್ತೊಂದು ನೆಲೆಯನ್ನು ಅಳಿಸಿಬಿಡಬಹುದು. ಅದರೊಡನೆ ನಾವು ಹುಡುಕುತ್ತಿರುವ ಮೂಳೆಯೂ ಪುಡಿಯಾಗಬಹುದು.

ನಮ್ಮ ಓದುಗರಲ್ಲಿ ಹಲವರಿಗೆ ಸುರಪುರ, ಶಹಾಪುರಗಳ ಕಡೆ ನೆಂಟಸ್ತಿಕೆಯುಂಟು. ಮದುವೆ, ಜಾತ್ರೆಗೆಂದು ಹೋದಾಗ ಮಕ್ಕಳಿಗೆ ಈ ಕಣಿವೆಯನ್ನು ತೋರಿಸಿರಿ. ಕಲ್ಲನ್ನು ಎತ್ತಿ ಮನೆಗೆ ತರಬಾರದೆಂದೂ ತಿಳಿಸಿರಿ. ಬಿದ್ದಲ್ಲಿಂದ ಕದಲಿಸಿದ ಕಲ್ಲು ತನ್ನ ಅರ್ಧ ಕಥೆಯನ್ನು ಕಳೆದುಕೊಳ್ಳುತ್ತದೆ. ಕಾಯಕಕ್ಕೆ ಹಿರಿಯ ಸ್ಥಾನ ಕೊಟ್ಟ ನಾವು, ಹೆಸರನ್ನಾಗಲಿ ಕುಲವನ್ನಾಗಲಿ ಬಿಡದೆ ಕೇವಲ ತಮ್ಮ ಕೆಲಸವನ್ನು ಬಿಟ್ಟುಹೋದ ಈ ಹಿರಿಯರನ್ನು ಕಾಪಾಡಿಕೊಳ್ಳಲಾರೆವೆ?

ಮೊಮ್ಮಗನ ಪ್ರಶ್ನೆಗೆ ಈಗ ಉತ್ತರವಿದೆ: "ಈ ಬಂಡೆಯಲ್ಲಿ ಅವರ ಗುರುತಿಲ್ಲ ಮಗು, ನಮ್ಮ ಹುಣಸಗಿಯಲ್ಲಿದೆ. ಹೋಗಿ ನೋಡೋಣ."